ಕೂಗಿದ್ದು ಮನುಷ್ಯನ ಕೂಸು, ಓಡಿ ಬಂದದ್ದು ಜಿಂಕೆ

ಕೆನಡಾದ ಹುಲ್ಲುಗಾವಲಿನಲ್ಲಿ ಮ್ಯೂಲ್ ಡಿಯರ್ ಎಂಬ ಜಾತಿಯ ಜಿಂಕೆಗಳು ಮೇಯುತ್ತಿವೆ. ಸ್ವಲ್ಪ ದೂರದಲ್ಲಿ ಒಂದು ಸ್ಪೀಕರ್ ಇದೆ. ಅದರಿಂದ ಇದ್ದಕ್ಕಿದ್ದಂತೆ ಒಂದು ಮರಿಯ ಆರ್ತ ಕೂಗು ಏಳುತ್ತದೆ. ತಾಯಿ ಜಿಂಕೆ ಮೇವು ಬಿಟ್ಟು ಕತ್ತೆತ್ತುತ್ತದೆ, ಕಿವಿ ನಿಮಿರಿಸುತ್ತದೆ, ಮರುಗಳಿಗೆಗೆ ಆ ಸ್ಪೀಕರಿನತ್ತಲೇ ಓಡಿ ಬರುತ್ತದೆ. ಹೆತ್ತ ಕರುಳು ಓಡಿ ಬಂತು, ಅದರಲ್ಲೇನು ಅಚ್ಚರಿ ಎನ್ನುತ್ತೀರಾ? ಸ್ವಲ್ಪ ತಾಳಿ. ಆ ಕೂಗು ಜಿಂಕೆಮರಿಯದಲ್ಲ! ಒಮ್ಮೆ ಅದು ಸೀಲ್ ಮರಿಯ ಕೂಗು. ಇನ್ನೊಮ್ಮೆ ಬೆಕ್ಕಿನ ಮರಿಯದು. ಮತ್ತೊಮ್ಮೆ ಬಾವಲಿ ಮರಿಯದು. ಮಗದೊಮ್ಮೆ, ನಮ್ಮ ನಿಮ್ಮ ಮನೆಯ ತೊಟ್ಟಿಲಲ್ಲಿ ಅಳುವಂಥದೇ ಮನುಷ್ಯನ ಕೂಸಿನದು!

ಸೂಸನ್ ಲಿಂಗಲ್ ಮತ್ತು ಟೋಬಿಯಾಸ್ ರೀಡೆ ಎಂಬ ಇಬ್ಬರು ವಿಜ್ಞಾನಿಗಳು ಈ ಪ್ರಯೋಗದ ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಅವರು ಮಾಡಿದ ಬದಲಾವಣೆ ಒಂದೇ. ಬೇರೆ ಬೇರೆ ಮರಿಗಳ ಕೂಗಿನ ಸ್ಥಾಯಿಯನ್ನು ಏರಿಸಿ ಇಳಿಸಿ, ಜಿಂಕೆಮರಿ ಕೂಗುವ ಸ್ಥಾಯಿಯ ಹತ್ತಿರಕ್ಕೆ ತಂದರು. ಅಷ್ಟು ಮಾಡಿದ್ದೇ ತಡ, ತಾಯಿ ಜಿಂಕೆಗೆ ಆ ಮರಿ ಕಡಲಿನದೋ ಗುಹೆಯದೋ ತೊಟ್ಟಿಲಿನದೋ ಎಂಬ ಭೇದವೇ ಉಳಿಯಲಿಲ್ಲ. ಹಕ್ಕಿಯ ಕೂಗು ಹಾಕಿದರೆ ಬರಲಿಲ್ಲ, ಕಯೋಟಿ ಎಂಬ ಅಲ್ಲಿನ ಕಾಡುನಾಯಿಯ ಬೊಗಳು ಹಾಕಿದರೂ ಬರಲಿಲ್ಲ. ಸಂಕಟದಲ್ಲಿರುವ ಮರಿಯ ಕೂಗಾದರೆ ಮಾತ್ರ ಬಂತು.

ಇದನ್ನು ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತುಬಿಟ್ಟೆ. ಯೋಚಿಸಿ ನೋಡಿ. ಜಿಂಕೆಯ ವಂಶ ಮತ್ತು ನಮ್ಮ ವಂಶ ಬೇರೆಯಾಗಿ ಸುಮಾರು 9 ಕೋಟಿ ವರ್ಷಗಳಾಗಿವೆ. ಆಗಿನ್ನೂ ಡೈನೋಸಾರುಗಳು ನೆಲ ನಡುಗಿಸುತ್ತ ಓಡಾಡುತ್ತಿದ್ದವು. ಅಂದಿನಿಂದ ಇಂದಿನವರೆಗೆ ಗೊರಸು ಬಂದಿದೆ, ರೆಕ್ಕೆ ಬಂದಿದೆ, ಕೈಬೆರಳು ಬಂದಿದೆ. ಮೈಯೆಲ್ಲ ಬದಲಾಗಿ ಗುರುತೇ ಸಿಗದಂತಾಗಿದೆ. ಕಷ್ಟಕ್ಕೆ ಸಿಕ್ಕ ಮರಿ ಹೇಗೆ ಅಳುತ್ತದೆ, ಅದನ್ನು ಕೇಳಿದ ಜೀವ ಹೇಗೆ ಕಂಗೆಡುತ್ತದೆ ಎಂಬುದು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿದೆ!

ಚಿಕ್ಕ ಪ್ರಾಣಿಗಳ ಮೇಲೆ ನಮಗಿರುವ ಮುದ್ದನ್ನು ನಾವು ಹಗುರವಾಗಿ ಕಾಣುತ್ತ ಬಂದಿದ್ದೇವೆ. ಬೀದಿಯ ನಾಯಿಮರಿಗೆ ಬಿಸ್ಕತ್ತು ಹಾಕುವವರನ್ನು ಕಂಡರೆ ಹೊಟ್ಟೆ ತುಂಬಿದವರ ಹವ್ಯಾಸ ಎನ್ನುತ್ತೇವೆ. ಬೆಕ್ಕಿನ ಮರಿಯ ವಿಡಿಯೊ ನೋಡಿ ಕಣ್ಣರಳಿಸುವವರನ್ನು ಮೊಬೈಲ್ ಗೀಳಿನವರು ಎಂದು ಮೂಗು ಮುರಿಯುತ್ತೇವೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಹೊರಬಿದ್ದ ಸಂಗತಿಗಳು ಹೇಳುವುದೇ ಬೇರೆ. ಆ ಅಕ್ಕರೆ ನಾಗರಿಕತೆಗಿಂತ ಹಳೆಯದು, ಭಾಷೆಗಿಂತ ಹಳೆಯದು, ಅದರ ಬೇರಂತೂ ಮನುಷ್ಯ ಜಾತಿಗಿಂತಲೂ ಹಳೆಯದು. ನಾವು ಇಂದು ಬದುಕಿರುವುದಕ್ಕೆ ಅದೂ ಒಂದು ಕಾರಣ.

ಈ ವಿಚಾರಕ್ಕೆ ಮೊದಲ ಬಾರಿಗೆ ಸ್ಪಷ್ಟ ರೂಪ ಕೊಟ್ಟವರು ಆಸ್ಟ್ರಿಯದ ಕಾನ್ರಾಡ್ ಲೊರೆಂಟ್ಸ್. ಬಾತುಕೋಳಿ, ಹೆಬ್ಬಾತುಗಳ ನಡವಳಿಕೆ ಅಧ್ಯಯನ ಮಾಡಿ ಮುಂದೆ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿ. ನಾಜಿ ಪಕ್ಷ ಸೇರಿದ್ದರೆಂಬ ಕಳಂಕ ಅವರ ಹೆಸರಿಗಿದೆ, ಅದನ್ನು ಮರೆಯುವಂತಿಲ್ಲ. ಆದರೆ 1943ರ ಲೇಖನವೊಂದರಲ್ಲಿ ಅವರು ಬರೆದ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಎಡಗಡೆ ಒಂದರ ಕೆಳಗೊಂದು ನಾಲ್ಕು ತಲೆಗಳು: ಮಗು, ಜರ್ಬೋವಾ ಎಂಬ ಮರುಭೂಮಿಯ ಇಲಿ, ಪೀಕಿಂಗೀಸ್ ನಾಯಿ, ರಾಬಿನ್ ಹಕ್ಕಿ. ಬಲಗಡೆ ಇನ್ನು ನಾಲ್ಕು: ವಯಸ್ಕ ಮನುಷ್ಯ, ಮೊಲ, ಬೇಟೆನಾಯಿ, ಹೊನ್ನಕ್ಕಿ. ಎಡಗಡೆಯವನ್ನು ನೋಡಿದರೆ ಎದೆಯಲ್ಲಿ ಏನೋ ಒಂದು ಕರಗುತ್ತದೆ, ಬಲಗಡೆಯವನ್ನು ನೋಡಿದರೆ ಹಾಗಾಗುವುದಿಲ್ಲ. ಯಾಕೆ? ಮೈಗೆ ಹೋಲಿಸಿದರೆ ದೊಡ್ಡ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೊಂಚ ಕೆಳಗೆ ಕೂತ ದೊಡ್ಡ ಕಣ್ಣು, ತುಂಬಿದ ಗಲ್ಲ, ಗಿಡ್ಡ ಮೋಟು ಕೈಕಾಲು, ಮೆತ್ತನೆ ಮೈ, ತಟ್ಟಾಡುವ ನಡಿಗೆ. ಇವು ಎಳೆಯ ಮಗುವಿನ ಲಕ್ಷಣಗಳು. ಇವು ಎಲ್ಲಿ ಕಂಡರೂ ನಮ್ಮೊಳಗಿನ ತಾಯ್ತನ ಎಚ್ಚೆತ್ತುಬಿಡುತ್ತದೆ ಎಂದರು ಲೊರೆಂಟ್ಸ್. ಆ ಮುಖ ಮಗುವಿನದೇ ಆಗಬೇಕೆಂದಿಲ್ಲ, ನಾಯಿಯದಾದರೂ ಸರಿ, ಹಕ್ಕಿಯದಾದರೂ ಸರಿ.

ಬೊಂಬೆ ಮಾಡುವವರಿಗೆ, ಚಿತ್ರ ಬರೆಯುವವರಿಗೆ ಈ ಗುಟ್ಟು ಲೇಖನ ಓದದೆಯೂ ಗೊತ್ತಿತ್ತು. 1928ರಲ್ಲಿ ಹುಟ್ಟಿದ ಮಿಕ್ಕಿ ಮೌಸ್ ಮೊದಮೊದಲು ಚೂಪು ಮೂತಿಯ ಪುಂಡ ಇಲಿ. ದಶಕಗಳು ಕಳೆದಂತೆ ಅದರ ತಲೆ ಹಿಗ್ಗಿತು, ಕಣ್ಣು ಹಿಗ್ಗಿತು, ಮಗುವಿನ ಮುಖ ಬಂತು. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅಳತೆ ಹಿಡಿದು ಇದನ್ನು 1979ರಲ್ಲಿ ತೋರಿಸಿಕೊಟ್ಟರು.

ಲೊರೆಂಟ್ಸ್ ಹೇಳಿದ್ದು ಕಣ್ಣಂದಾಜಿನ ಮಾತು. ಮೆದುಳಿನೊಳಗೆ ಇಣುಕುವ ಯಂತ್ರಗಳು ಬಂದ ಮೇಲೆ ಸಿಕ್ಕಿದ್ದು ಮೈ ನವಿರೇಳಿಸುವಂಥದು. 2008ರಲ್ಲಿ ಮಾರ್ಟನ್ ಕ್ರಿಂಗಲ್‌ಬಾಕ್ ಮತ್ತು ಅವರ ಸಂಗಡಿಗರು ವಯಸ್ಕರಿಗೆ ಮುಖಗಳ ಚಿತ್ರ ತೋರಿಸುತ್ತ ಮೆದುಳಿನ ಮಿಡಿತವನ್ನು ದಾಖಲಿಸಿದರು. ಕೂಸಿನ ಮುಖ ಕಂಡ ಕೂಡಲೇ ಕಣ್ಣುಗುಳಿಗಳ ಮೇಲ್ಭಾಗದಲ್ಲಿರುವ ಆರ್ಬಿಟೊಫ್ರಂಟಲ್ ಕಾರ್ಟೆಕ್ಸ್ ಎಂಬ ಜಾಗ ಮಿಂಚಿತು. ಎಷ್ಟು ಹೊತ್ತಿಗೆ? ಸೆಕೆಂಡಿನ ಸುಮಾರು ಏಳರಲ್ಲೊಂದು ಭಾಗದಲ್ಲಿ! 'ಇದು ಮಗು' ಎಂದು ನೀವು ಮನಸ್ಸಿನಲ್ಲಿ ಹೇಳಿಕೊಳ್ಳುವ ಮೊದಲೇ ಮೆದುಳು ಅದನ್ನು ಅಪ್ಪಿಕೊಂಡಾಗಿರುತ್ತದೆ. ದೊಡ್ಡವರ ಮುಖ ತೋರಿಸಿದಾಗ ಆ ಜಾಗ ಹಾಗೆ ಮಿಂಚಲಿಲ್ಲ.

ಮರುವರ್ಷ ಮೆಲಾನಿ ಗ್ಲಾಕರ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಕ್ಕಳ ಚಿತ್ರಗಳನ್ನೇ ಕಂಪ್ಯೂಟರಿನಲ್ಲಿ ಕೊಂಚ ತಿದ್ದಿ, ಹಣೆ ಉಬ್ಬಿಸಿ ಕಣ್ಣು ಹಿಗ್ಗಿಸಿ, ಇಲ್ಲವೇ ಅದರ ತಿರುವುಮುರುವು ಮಾಡಿ, ಇನ್ನೂ ತಾಯಂದಿರಾಗದ ಹೆಂಗಸರಿಗೆ ತೋರಿಸಿದರು. ಮಗುತನ ಹೆಚ್ಚಿದಷ್ಟೂ ಅವರ ಮೆದುಳಿನ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಪುಟ್ಟ ಭಾಗ ಹೆಚ್ಚು ಚುರುಕಾಯಿತು. ಸವಿಯಾದದ್ದು ಸಿಗುತ್ತದೆ ಎಂಬ ಆಸೆ ಹುಟ್ಟಿದಾಗ ಚುರುಕಾಗುವುದೂ ಅದೇ ಭಾಗ. ಆ ಹೆಂಗಸರಿಗೂ ಚಿತ್ರದ ಮಕ್ಕಳಿಗೂ ಯಾವ ನಂಟೂ ಇರಲಿಲ್ಲ. ಇಡೀ ಒಗಟಿನ ಬೀಗದ ಕೈ ಇರುವುದು ಇಲ್ಲೇ. ಹೆತ್ತವಳಿಗೆ ತನ್ನ ಕೂಸು ಮುದ್ದು, ಸರಿ. ಹೆರದವಳಿಗೆ, ನೆಂಟಸ್ತಿಕೆಯೇ ಇಲ್ಲದವಳಿಗೆ ಯಾರದೋ ಕೂಸು ಯಾಕೆ ಇಷ್ಟು ಮುದ್ದಾಗಬೇಕು?

ಉತ್ತರಕ್ಕೆ ನಮ್ಮ ಧಾರವಾಡದ ಕಾಡಿಗೆ ಬರೋಣ. ಧಾರವಾಡದ ಸುತ್ತಲ ಕಾಡುಗಳ ಮುಸುವಗಳು ಪ್ರೈಮೇಟ್ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಹೆಸರು ಮಾಡಿದವು ಎಂಬುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಅಲ್ಲಿಗೆ ಬಂದು ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿದರು. ಹೊರಗಿನ ಗಂಡು ಮುಸುವ ಹಿಂಡನ್ನು ವಶಪಡಿಸಿಕೊಂಡು ಅಲ್ಲಿನ ಎಳೆಯ ಮರಿಗಳನ್ನು ಕೊಲ್ಲುವ ಘೋರವನ್ನು ಅವರು ಕಂಡು ದಾಖಲಿಸಿದರು. 1965ರಲ್ಲಿ ಪ್ರಕಟವಾದ ಆ ವರದಿ ಜಗತ್ತನ್ನು ಬೆಚ್ಚಿಬೀಳಿಸಿತು. ಅದರ ಬೆನ್ನು ಹತ್ತಿ ಅಮೆರಿಕದ ಸಾರಾ ಬ್ಲಾಫರ್ ಹರ್ಡಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದರು. ಮರಿಗಳನ್ನು ಯಾರು ಕೊಲ್ಲುತ್ತಾರೆ ಎಂದು ನೋಡಲು ಬಂದವರು, ಮರಿಗಳನ್ನು ಯಾರು ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನೂ ಕಣ್ತುಂಬ ನೋಡಿದರು.

ಮುಸುವನ ಹಿಂಡಿನಲ್ಲಿ ಹೊಸ ಮರಿ ಹುಟ್ಟಿದ ಹೊತ್ತನ್ನು ನೀವೂ ಗಮನಿಸಿ. ದೊಡ್ಡವೆಲ್ಲ ಬೂದು ಬಣ್ಣ, ಮರಿ ಮಾತ್ರ ಕಪ್ಪಗೆ. ಅಷ್ಟು ದೊಡ್ಡ ಹಿಂಡಿನಲ್ಲಿ ಆ ಕಪ್ಪು ಚುಕ್ಕೆ ಎಲ್ಲರ ಕಣ್ಣಿಗೂ ಬೀಳುತ್ತದೆ. ತಾಯಿ ಕೂತಿದ್ದಾಳೆ. ಒಂದು ಹರೆಯದ ಹೆಣ್ಣು ಮೆಲ್ಲಗೆ ಪಕ್ಕಕ್ಕೆ ಸರಿದು ಬರುತ್ತದೆ, ಮರಿಯನ್ನು ಮೂಸುತ್ತದೆ, ಮುಟ್ಟುತ್ತದೆ, ಕೊನೆಗೆ ತಾಯಿಯ ಎದೆಯಿಂದ ಬಿಡಿಸಿಕೊಂಡೇ ಬಿಡುತ್ತದೆ. ಎತ್ತಿಕೊಳ್ಳಲು ಬಾರದೆ ತಲೆಕೆಳಗು ಹಿಡಿಯುತ್ತದೆ, ಮರಿ ಕಿರುಚುತ್ತದೆ. ಅಷ್ಟರಲ್ಲಿ ಇನ್ನೊಂದು ಹೆಣ್ಣು ಕೈ ಚಾಚುತ್ತದೆ. ಮರಿ ಒಬ್ಬಳ ಮಡಿಲಿಂದ ಇನ್ನೊಬ್ಬಳ ಮಡಿಲಿಗೆ ಹೋಗುತ್ತದೆ, ತಾಯಿ ಅಷ್ಟು ಹೊತ್ತು ನೆಮ್ಮದಿಯಾಗಿ ಚಿಗುರು ಮೇಯುತ್ತಾಳೆ. ಹುಟ್ಟಿದ ದಿನವೇ ಈ ಮೆರವಣಿಗೆ ಶುರುವಾಗಬಹುದು! ಚಿಂಪಾಂಜಿ ತಾಯಿಯಾದರೋ ಮೊದಲ ತಿಂಗಳುಗಳಲ್ಲಿ ತನ್ನ ಮರಿಯನ್ನು ಇನ್ನೊಬ್ಬರ ಕೈಗೆ ಕೊಡುವುದೇ ಇಲ್ಲ.

ಹರ್ಡಿ ಮುಂದೆ ಜೀವಮಾನವಿಡೀ ಈ ಪ್ರಶ್ನೆಯನ್ನೇ ಹಿಡಿದು ಹೋದರು. 2009ರ 'ಮದರ್ಸ್ ಆ್ಯಂಡ್ ಅದರ್ಸ್' ಪುಸ್ತಕದಲ್ಲಿ ಅವರು ಮಂಡಿಸಿದ ವಾದ ಸರಳ, ಆದರೆ ಒಮ್ಮೆ ತಲೆಗೆ ಹೊಕ್ಕರೆ ಬಿಡುವುದಿಲ್ಲ. ಮನುಷ್ಯನ ಕೂಸಿನಷ್ಟು ಅಸಹಾಯಕ, ಮನುಷ್ಯನ ಕೂಸಿನಷ್ಟು ದುಬಾರಿ ಮರಿ ವಾನರ ಕುಲದಲ್ಲೇ ಇಲ್ಲ. ಹುಟ್ಟುವಾಗ ಅದರ ಮೆದುಳು ಬೆಳೆದ ಮೆದುಳಿನ ಶೇಕಡಾ 30ರಷ್ಟೂ ಇರುವುದಿಲ್ಲ. ಕತ್ತು ನಿಲ್ಲಲು ತಿಂಗಳುಗಳು ಬೇಕು, ನಡೆಯಲು ವರ್ಷ ಬೇಕು, ತನ್ನ ಅನ್ನ ತಾನು ಹುಡುಕಿಕೊಳ್ಳಲು ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಅದು ತಿನ್ನುವುದು 1 ಕೋಟಿಗೂ ಹೆಚ್ಚು ಕ್ಯಾಲೊರಿ! ಬೇಟೆಯಾಡಿ ಗೆಡ್ಡೆ ಅಗೆದು ಬದುಕುತ್ತಿದ್ದ ಕಾಲದಲ್ಲಿ ಒಬ್ಬ ತಾಯಿ ಒಂಟಿಯಾಗಿ ಇದನ್ನು ಪೂರೈಸುವುದು ಸಾಧ್ಯವೇ ಇರಲಿಲ್ಲ. ಅಜ್ಜಿ ಬೇಕಿತ್ತು, ಚಿಕ್ಕಮ್ಮ ಬೇಕಿತ್ತು, ಅಕ್ಕ ಅಣ್ಣಂದಿರು ಬೇಕಿದ್ದರು, ಅಪ್ಪ ಬೇಕಿದ್ದ, ಪಕ್ಕದ ಗುಡಿಸಲಿನವರೂ ಬೇಕಿದ್ದರು.

ಹಾಗಾದರೆ ಆ ಕೂಸು ಬದುಕಬೇಕಾದರೆ ಏನಾಗಬೇಕು? ಅದು ತಾಯಿಯೊಬ್ಬಳಿಗೇ ಮುದ್ದಾದರೆ ಸಾಲದು, ಕಂಡವರಿಗೆಲ್ಲ ಮುದ್ದಾಗಬೇಕು. ಅದರ ದುಂಡು ಮುಖಕ್ಕೆ, ಬೊಚ್ಚು ಬಾಯಿಯ ನಗುವಿಗೆ, ಊರಿಗೆ ಊರೇ ಸೋಲಬೇಕು. ಸೋತವರ ನಡುವೆ ಬೆಳೆದ ಮಕ್ಕಳು ಉಳಿದವು, ಆ ಸೋಲುವ ಗುಣವನ್ನು ತಮ್ಮ ಮಕ್ಕಳಿಗೂ ದಾಟಿಸಿದವು. ಲಕ್ಷಾಂತರ ವರ್ಷ ಹೀಗೇ ನಡೆಯಿತು. ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿಯ ಹೆಗಲ ಮೇಲಿಂದ ಒಂದು ಮಗು ಇಣುಕಿದರೆ ಹಿಂದಿನ ಸಾಲಿನವರೆಲ್ಲ ಮುಖ ಸೊಟ್ಟ ಮಾಡಿ ಆಟವಾಡಿಸುತ್ತಾರಲ್ಲ, ಆ ಗುಣವೇ ಇದು.

ಆದರೆ ಆ ಮಗುವಿನ ಜಾಗದಲ್ಲಿ ನಾಯಿಮರಿ ಇದ್ದರೆ? ತೂಬು ಎತ್ತಿದ ಮೇಲೆ ಕೆರೆಯ ನೀರು ನಮ್ಮ ಗದ್ದೆ ಯಾವುದು, ಪಕ್ಕದವರ ಗದ್ದೆ ಯಾವುದು ಎಂದು ಕೇಳಿಕೊಂಡು ಹರಿಯುವುದಿಲ್ಲ. ಮರಿಯನ್ನು ಗುರುತಿಸುವ ಈ ವ್ಯವಸ್ಥೆಗೆ ಎರಡು ಬಗೆಯ ತಪ್ಪು ಸಾಧ್ಯ. ಮರಿಯಲ್ಲದ್ದನ್ನು ಮರಿ ಎಂದುಕೊಂಡರೆ ಸ್ವಲ್ಪ ಹೊತ್ತು, ಒಂದಿಷ್ಟು ಅನ್ನ ದಂಡ. ನಿಜವಾದ ಮರಿಯನ್ನೇ ಗುರುತಿಸದೆ ಹೋದರೆ ವಂಶವೇ ದಂಡ. ಹಾಗಾಗಿ ವಿಕಾಸ ಮೊದಲ ತಪ್ಪಿಗೆ ಧಾರಾಳವಾಗಿ ಅವಕಾಶ ಕೊಟ್ಟಿತು. ಕಾಗೆಯನ್ನು ನೋಡಿ. ಕೋಗಿಲೆ ಬಂದು ಕಾಗೆಯ ಗೂಡಿನಲ್ಲಿಟ್ಟ ಮೊಟ್ಟೆಯೊಡೆದು ಬಂದ ಪರಕೀಯ ಮರಿಗೂ ಅದು ಗುಟುಕು ಕೊಡುತ್ತದೆ. ಬಾಯಿ ತೆರೆದು ಬೇಡುವ ಮರಿ ಎದುರಿಗಿದ್ದರೆ ಅಷ್ಟು ಜಾಣ ಹಕ್ಕಿಯೂ ಕರಗುತ್ತದೆ.

ಅಕ್ಕರೆ ಬರೀ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಬೆರಳ ತುದಿಗೂ ಇಳಿಯುತ್ತದೆ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಹಿರೋಶಿ ನಿತ್ತೋನೊ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಚಿಮಟಿಗೆಯಿಂದ ಸಣ್ಣ ಸಣ್ಣ ತುಣುಕುಗಳನ್ನು ಅಂಚಿಗೆ ತಾಗದಂತೆ ಎತ್ತಬೇಕಿತ್ತು. ನಡುವೆ ನಾಯಿಮರಿ, ಬೆಕ್ಕಿನ ಮರಿಗಳ ಚಿತ್ರ ನೋಡಿದವರ ಕೈ ಮುಂಚಿಗಿಂತ ಹೆಚ್ಚು ನಾಜೂಕಾಯಿತು! ಬೆಳೆದ ನಾಯಿ, ಬೆಳೆದ ಬೆಕ್ಕಿನ ಚಿತ್ರಕ್ಕೆ ಅಷ್ಟು ಪರಿಣಾಮ ಇರಲಿಲ್ಲ. ಎದುರಿಗೆ ಎಳೆಯ ಜೀವವಿದೆ, ಮೆಲ್ಲಗೆ ಹಿಡಿ ಎಂದು ಮೈಯೇ ಮೈಗೆ ಹೇಳುತ್ತದೆ.

ಮುದ್ದು ಮಿತಿಮೀರಿದಾಗ ಇನ್ನೊಂದು ವಿಚಿತ್ರ ನಡೆಯುತ್ತದೆ. 'ಎಷ್ಟು ಮುದ್ದಾಗಿದೆ, ಕಚ್ಚಿ ತಿಂದುಬಿಡೋಣ ಅನ್ನಿಸ್ತದೆ' ಎನ್ನುತ್ತಾರೆ ನಮ್ಮ ಅಜ್ಜಿಯರು. ಗಲ್ಲ ಹಿಂಡುತ್ತಾರೆ, ಹಲ್ಲು ಕಚ್ಚುತ್ತಾರೆ, ಆಮೇಲೆ ದೃಷ್ಟಿ ತೆಗೆದು ನೆಟಿಕೆ ಮುರಿಯುತ್ತಾರೆ. ಹಟ್ಟಿಯ ಹೊಸ ಕರುವಿಗೂ ಇದೇ ಉಪಚಾರ. ಈ ಹಲ್ಲು ಕಚ್ಚುವ ಪ್ರೀತಿಯ ಮೇಲೆ ಅಮೆರಿಕದ ಒರಿಯಾನಾ ಅರಗಾನ್ 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಅಕ್ಕರೆ ಉಕ್ಕಿ ತಡೆಯಲಾರದಷ್ಟಾದಾಗ ಮೆದುಳು ಅದಕ್ಕೆ ವಿರುದ್ಧವಾದ ಭಾವವೊಂದನ್ನು ಎಬ್ಬಿಸಿ ಸಮತೋಲ ತರುತ್ತದೆ ಎಂಬುದು ಅವರ ವಿವರಣೆ. ಮೈಮರೆತು ಕೂತರೆ ಮಗುವನ್ನು ನೋಡಿಕೊಳ್ಳುವವರು ಯಾರು, ಅಲ್ಲವೇ?

ಈಗ ಬ್ರೆಜಿಲಿನ ಮಳೆಕಾಡಿಗೆ ಬನ್ನಿ. ಮಾರನ್ಯಾವೊ ರಾಜ್ಯದಲ್ಲಿ ಅವಾ ಎಂಬ ಜನರಿದ್ದಾರೆ, ಗ್ವಾಜಾ ಎಂದೂ ಕರೆಯುತ್ತಾರೆ. ಬಿಲ್ಲುಬಾಣ ಹಿಡಿದು ಕೋತಿಗಳನ್ನು ಬೇಟೆಯಾಡಿ ತಿನ್ನುವವರು. ಮಾನವಶಾಸ್ತ್ರಜ್ಞೆ ಲೊರೆಟ್ಟಾ ಕಾರ್ಮಿಯರ್ ಅವರ ನಡುವೆ ಇದ್ದು ಬರೆದ ವಿವರ ಓದಿದರೆ ಉಸಿರು ಹಿಡಿದಂತಾಗುತ್ತದೆ. ಬಾಣಕ್ಕೆ ಬಿದ್ದ ತಾಯಿ ಕೋತಿಯ ಬೆನ್ನಿಗೆ ಮರಿ ಅಂಟಿಕೊಂಡಿದ್ದರೆ ಬೇಟೆಗಾರ ಅದನ್ನು ಜೋಪಾನವಾಗಿ ಬಿಡಿಸಿ ಮನೆಗೆ ತರುತ್ತಾನೆ. ತಾಯಿ ಒಲೆಗೆ ಹೋಗುತ್ತದೆ. ಮರಿ ಮನೆಯೊಡತಿಯ ಮಡಿಲಿಗೆ ಹೋಗುತ್ತದೆ. ಆಕೆ ಅದಕ್ಕೆ ತನ್ನ ಮೊಲೆಯೂಡಿಸುತ್ತಾಳೆ! ಒಂದು ಕಡೆ ತನ್ನ ಕೂಸು, ಇನ್ನೊಂದು ಕಡೆ ಕೋತಿಯ ಕೂಸು. ಬೆಳೆದ ಮೇಲೂ ಆ ಕೋತಿಯನ್ನು ಅವರು ತಿನ್ನುವುದಿಲ್ಲ, ಅದು ಮನೆಯ ಬಂಧು. ನಮ್ಮ ರಾಜಸ್ಥಾನದ ಬಿಷ್ಣೋಯಿ ತಾಯಂದಿರು ತಬ್ಬಲಿ ಚಿಂಕಾರ ಮರಿಗೆ ಎದೆಹಾಲು ಕೊಡುವ ಚಿತ್ರಗಳನ್ನು ನೀವು ನೋಡಿರಬಹುದು. ಬಿಷ್ಣೋಯಿಗಳದು ಪ್ರಾಣಿಹಿಂಸೆಯನ್ನು ಒಪ್ಪದ ಧರ್ಮ, ಅವಾ ಜನರದು ಬೇಟೆಯೇ ಬದುಕು. ಆದರೂ ಎರಡೂ ಕಡೆ ತಬ್ಬಲಿ ಮರಿಗೆ ಸಿಕ್ಕಿದ್ದು ಒಂದೇ ಮಡಿಲು. ಪ್ರಾಣಿಗಳನ್ನು ಸಾಕುವ ಬಗೆ, ಯಾವುದನ್ನು ಮುಟ್ಟಬೇಕು ಯಾವುದನ್ನು ಮುಟ್ಟಬಾರದು ಎಂಬ ಕಟ್ಟಳೆ, ಇವೆಲ್ಲ ಊರಿಂದ ಊರಿಗೆ ಬದಲಾಗುತ್ತವೆ ನಿಜ. ಅದರ ಕೆಳಗೆ ಹರಿಯುವ ಸೆಲೆ ಒಂದೇ ಎಂದು ನನಗೆ ಅನ್ನಿಸುತ್ತದೆ.

ಎಷ್ಟು ಹಿಂದಿನಿಂದ ಹರಿಯುತ್ತಿದೆ ಅದು? ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿ ಕೆಲಸಗಾರರಿಗೆ ಒಂದು ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಮೂಳೆಗಳ ಮೇಲೆಲ್ಲ ಕೆಂಪು ಮಣ್ಣಿನ ಬಣ್ಣ. ಸುಮಾರು 14,000 ವರ್ಷ ಹಿಂದಿನವರು. ಜೊತೆಗೆ ಒಂದು ಪ್ರಾಣಿಯ ದವಡೆ. ತೋಳದ್ದಿರಬೇಕು ಎಂದುಕೊಂಡು ದಶಕಗಳ ಕಾಲ ಯಾರೂ ಅದರ ತಂಟೆಗೆ ಹೋಗಲಿಲ್ಲ. ಆಮೇಲೆ ತಿಳಿಯಿತು, ಅದು ನಾಯಿ.

ಕತೆ ಇಲ್ಲಿಗೇ ಮುಗಿಯಲಿಲ್ಲ. ಪಶುವೈದ್ಯರೂ ಪುರಾತತ್ವ ಸಂಶೋಧಕರೂ ಆದ ಲುಕ್ ಯಾನ್ಸೆನ್ಸ್ ಮತ್ತವರ ತಂಡ ಆ ನಾಯಿಯ ಹಲ್ಲುಗಳನ್ನು ಹತ್ತಿರದಿಂದ ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿತು. ಮರಿಯ ಹಲ್ಲು ಬೆಳೆಯುವ ಕಾಲದಲ್ಲಿ ಕಾಯಿಲೆ ಬಿದ್ದರೆ ಹಲ್ಲಿನ ಮೇಲ್ಪದರ ಸರಿಯಾಗಿ ಕಟ್ಟುವುದಿಲ್ಲ, ಅಲ್ಲಿ ಒಂದು ಗೆರೆ ಉಳಿಯುತ್ತದೆ. ಈ ಮರಿಯ ಹಲ್ಲಿನಲ್ಲಿದ್ದ ಗೆರೆಗಳು ಹೇಳಿದ್ದೇನು? ಸುಮಾರು ಐದು ತಿಂಗಳ ಪ್ರಾಯದಲ್ಲಿ ಅದಕ್ಕೆ ಡಿಸ್ಟೆಂಪರ್ ತಗುಲಿತ್ತು. ನಾಯಿ ಸಾಕಿದವರಿಗೆ ಗೊತ್ತು ಅದೆಂಥ ಮಾರಿ ಎಂದು. ಜ್ವರ, ವಾಂತಿ, ಭೇದಿ, ಕೊನೆಗೆ ಫಿಟ್ಸ್. ಆರೈಕೆ ಇಲ್ಲದ ಮರಿ ಮೂರು ವಾರ ಉಳಿಯುವುದು ಕಷ್ಟ. ಆದರೆ ಈ ಮರಿ ಒಮ್ಮೆಯಲ್ಲ, ಮೂರು ಬಾರಿ ಕಾಯಿಲೆ ಉಲ್ಬಣಿಸಿದರೂ ಬದುಕಿತ್ತು. ಸತ್ತದ್ದು ಸುಮಾರು ಏಳು ತಿಂಗಳಾದಾಗ.

ಅಂದರೆ ಏನರ್ಥ? ಹಿಮಯುಗ ಮುಗಿಯುತ್ತಿದ್ದ ಆ ಚಳಿಯಲ್ಲಿ, ತಮಗೇ ಹೊತ್ತಿನ ಊಟ ಖಾತ್ರಿಯಿಲ್ಲದ ಕಾಲದಲ್ಲಿ, ಯಾರೋ ಆ ಮರಿಯನ್ನು ಬೆಚ್ಚಗಿಟ್ಟಿದ್ದರು, ಬಾಯಿಗೆ ನೀರು ಬಿಟ್ಟಿದ್ದರು, ಹೊಲಸು ತೊಳೆದಿದ್ದರು. ಒಂದು ದಿನವಲ್ಲ, ವಾರಗಟ್ಟಲೆ. ಆ ಸ್ಥಿತಿಯ ಮರಿಯಿಂದ ಬೇಟೆಗೂ ಉಪಯೋಗವಿಲ್ಲ, ಕಾವಲಿಗೂ ಉಪಯೋಗವಿಲ್ಲ. ಲಾಭದ ಲೆಕ್ಕ ಹಾಕಿ ಯಾರೂ ಹಾಗೆ ಮಾಡುವುದಿಲ್ಲ. ಮನುಷ್ಯ ನಾಯಿಯನ್ನು ಸಾಕಿದ್ದು ಉಪಯೋಗಕ್ಕೆಂದೇ ಶಾಲೆಯಲ್ಲಿ ಕಲಿತ ನಮಗೆ ಆ ಪುಟ್ಟ ಹಲ್ಲು ಹೇಳುವ ಪಾಠ ಬೇರೆ!

ಇಸ್ರೇಲಿನ ಉತ್ತರ ಭಾಗದಲ್ಲಿ, ಹುಲಾ ಕಣಿವೆಯ ಐನ್ ಮಲ್ಲಾಹಾದಲ್ಲಿ ಇನ್ನೊಂದು ಗೋರಿಯಿದೆ, ಸುಮಾರು 12,000 ವರ್ಷ ಹಿಂದಿನದು. ಮುದುಕ ಜೀವವೊಂದು ಮಗ್ಗುಲಾಗಿ ಮಲಗಿದೆ. ಅದರ ಕೈ ನಾಲ್ಕೈದು ತಿಂಗಳ ನಾಯಿಮರಿಯೊಂದರ ಮೇಲಿದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲಿ, ಅರ್ಧ ಮೀಟರೂ ಇಲ್ಲದ ಅಂತರದಲ್ಲಿ, ಎಂಟು ತಿಂಗಳ ಬೆಕ್ಕೊಂದನ್ನು ಹೂತಿದ್ದಾರೆ. ಸೈಪ್ರಸ್ಸಿನಲ್ಲಿ ಬೆಕ್ಕೇ ಇರಲಿಲ್ಲ. ಹಾಗಾದರೆ ಅದು ಬಂದದ್ದು ದೋಣಿಯಲ್ಲಿ, ಸಮುದ್ರ ದಾಟಿ!

ಹೀಗೆ ತೆರೆದಿದ್ದ ಬಾಗಿಲೊಳಗೆ ನಾಯಿ, ಬೆಕ್ಕುಗಳು ಬಂದವು, ಬಂದ ಮೇಲೆ ನಮಗೆ ತಕ್ಕಂತೆ ತಾವೂ ಬದಲಾದವು. ಜಪಾನಿನಲ್ಲಿ 2015ರಲ್ಲಿ ಮಿಹೊ ನಾಗಾಸಾವಾ ಮತ್ತು ಸಂಗಡಿಗರು ಕಂಡುಕೊಂಡದ್ದು ಇದು: ನಾಯಿ ಮತ್ತು ಅದರ ಯಜಮಾನ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ ಮಗುವನ್ನು ನೋಡುವಾಗ ಏರುವ ಹಾರ್ಮೋನೇ ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾಯಿ ಒಳಹುಬ್ಬು ಮೇಲೆತ್ತಿ ದೈನ್ಯದಿಂದ ನೋಡುತ್ತದಲ್ಲ, ಆಗ ಅದರ ಕಣ್ಣು ದೊಡ್ಡದಾಗಿ ಮಗುವಿನ ಕಣ್ಣಿನಂತೆ ಕಾಣುತ್ತದೆ. ಆ ಹುಬ್ಬೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು ಜೂಲಿಯಾನೆ ಕಮಿನ್ಸ್ಕಿ ತಂಡ 2019ರಲ್ಲಿ ತೋರಿಸಿತು. ಆಫ್ರಿಕಾದ ಕಾಡುನಾಯಿಗಳಲ್ಲೂ ಇಂಥ ಸ್ನಾಯು ಇದೆಯೆಂದು ಆಮೇಲೆ ಗೊತ್ತಾಗಿರುವುದರಿಂದ ಇದು ನಮಗಾಗಿಯೇ ಹುಟ್ಟಿದ್ದು ಎಂದು ಖಡಾಖಂಡಿತ ಹೇಳಲಾಗದು. ಬೆಕ್ಕಿನ ಉಪಾಯ ದನಿಯಲ್ಲಿದೆ. ಹಸಿದ ಬೆಕ್ಕು ಬೆಳಗಿನ ಜಾವ ಕಿವಿಯ ಹತ್ತಿರ ಬಂದು ಗುರುಗುಟ್ಟುವ ಸದ್ದಿನೊಳಗೆ ಒಂದು ತೆಳುವಾದ ಅಳು ಅಡಗಿರುತ್ತದೆ, ಅದರ ಸ್ಥಾಯಿ ಮನುಷ್ಯನ ಕೂಸಿನ ಅಳುವಿಗೆ ಹತ್ತಿರ. ಬ್ರಿಟನ್ನಿನ ಕರೆನ್ ಮೆಕೋಂಬ್ 2009ರಲ್ಲಿ ಇದನ್ನು ಹಿಡಿದುಕೊಟ್ಟರು. ಬೆಕ್ಕು ಸಾಕದವರಿಗೂ ಆ ಗುರುಗುಟ್ಟು ಕೇಳಿದರೆ ಸುಮ್ಮನಿರಲಾಗುವುದಿಲ್ಲ.

ಇಷ್ಟೆಲ್ಲ ಮನುಷ್ಯನ ಸುತ್ತ. ಆದರೆ 2018ರ ಡಿಸೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕಂಡದ್ದನ್ನು ಏನೆನ್ನಬೇಕು! ಎರಡು ಮರಿಗಳ ತಾಯಿಯಾದ ಸಿಂಹಿಣಿಯ ಜೊತೆ ಮೂರನೆಯದೊಂದು ಮರಿ ಓಡಾಡುತ್ತಿತ್ತು. ನೋಡಿದರೆ, ಅದು ಚಿರತೆ ಮರಿ! ಸಿಂಹಕ್ಕೂ ಚಿರತೆಗೂ ಬದ್ಧವೈರ, ಸಿಕ್ಕರೆ ಒಂದು ಇನ್ನೊಂದರ ಮರಿಯನ್ನು ಕೊಲ್ಲುತ್ತದೆ. ಈ ಸಿಂಹಿಣಿ ಮಾತ್ರ ಅದಕ್ಕೆ ಹಾಲೂಡಿಸಿದಳು, ಬೇಟೆಯ ಮಾಂಸದಲ್ಲಿ ಪಾಲು ಕೊಟ್ಟಳು, ಅವಳ ಮರಿಗಳು ಅದರ ಜೊತೆ ಆಡಿದವು. ಸುಮಾರು 45 ದಿನ ಹೀಗೇ ನಡೆಯಿತು. ಕೊನೆಗೆ ಆ ಚಿರತೆ ಮರಿ ಸತ್ತಿತು. ಯಾರೂ ಕೊಂದದ್ದಲ್ಲ, ಹುಟ್ಟಿನಿಂದಲೇ ಇದ್ದ ಹರ್ನಿಯಾ ಕಾರಣ. ಹಾಲಿಳಿಯುತ್ತಿದ್ದ ಒಡಲು, ಎದುರಿಗೆ ಹಾಲಿಗೆ ಬಂದ ಮರಿ. ವೈರ ಅಲ್ಲಿ ಸೋತಿತು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಪನಾಮಾದ ಹಿಕಾರೊನ್ ದ್ವೀಪದಲ್ಲಿ ಸಂಶೋಧಕರು ಕಾಡಿನಲ್ಲಿಟ್ಟ ಕ್ಯಾಮೆರಾಗಳಲ್ಲಿ 2022ರಿಂದ ವಿಚಿತ್ರವೊಂದು ಕಾಣತೊಡಗಿತು. ಎಳೆಯ ಗಂಡು ಕ್ಯಾಪುಚಿನ್ ಕೋತಿಗಳು ಹೌಲರ್ ಎಂಬ ಬೇರೆ ಜಾತಿಯ ಕೋತಿಯ ಮರಿಗಳನ್ನು ಬೆನ್ನಿಗೆ ಹೊತ್ತು ತಿರುಗುತ್ತಿದ್ದವು. ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ದತ್ತು ಪಡೆದಿವೆಯೇ ಎಂದುಕೊಂಡರು. ಅಲ್ಲ, ಕದ್ದು ತಂದಿದ್ದವು. ಒಂದು ಕೋತಿ ಶುರು ಮಾಡಿದ್ದನ್ನು ಉಳಿದವು ಕಲಿತಿದ್ದವು. ಹಾಲು ಕೊಡಲಾಗದ ಬೆನ್ನಿನ ಮೇಲೆ ಮರಿಗಳು ಹಸಿವಿನಿಂದ ಸತ್ತವು. ಮರಿಯ ಮೇಲಿನ ಆಸೆಯೇ ಮರಿಯನ್ನು ಕೊಲ್ಲಬಲ್ಲದು ಎಂಬುದು ನಾನು ಓದಿದ್ದರಲ್ಲೆಲ್ಲ ಅತ್ಯಂತ ಎದೆ ಕಲಕಿದ ಸಂಗತಿ.

ಕಲಕಲು ಕಾರಣವಿದೆ. ನಾವೂ ಅದನ್ನೇ ಮಾಡುತ್ತಿದ್ದೇವೆ. ನಮ್ಮ ತುಮಕೂರು ಸೀಮೆಯ ಬಯಲಿನಲ್ಲಿ, ಬೆಂಗಳೂರಿನ ಹಳೆಯ ಮರಗಳ ಆವರಣಗಳಲ್ಲಿ ಇವತ್ತಿಗೂ ಕಾಡುಪಾಪ ಇದೆ. ಮುಷ್ಟಿಯಷ್ಟು ಮೈ, ಮುಖದ ತುಂಬ ಕಣ್ಣು. ಆ ಕಣ್ಣು ರಾತ್ರಿ ಹುಳು ಹಿಡಿಯಲು ಬೇಕಾದ ಕಣ್ಣು, ನಮ್ಮ ಮೆದುಳು ಅದನ್ನು ಮಗುವಿನ ಕಣ್ಣೆಂದು ಓದುತ್ತದೆ. ಅದರ ಆಗ್ನೇಯ ಏಷ್ಯಾದ ಬಂಧು ಸ್ಲೋ ಲೋರಿಸ್. ಅದಕ್ಕೆ ಯಾರೋ ಕಚಗುಳಿ ಇಡುವ, ಅದು ಎರಡೂ ಕೈ ಮೇಲೆತ್ತುವ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿ ಕರಗಿದರು, ನಮಗೂ ಒಂದು ಬೇಕು ಎಂದರು. ಅದು ಕೈ ಎತ್ತುವುದು ಖುಷಿಗಲ್ಲ. ಮೊಣಕೈ ಬಳಿ ಅದಕ್ಕೆ ವಿಷದ ಗ್ರಂಥಿ ಇದೆ, ಹೆದರಿದಾಗ ಅದನ್ನು ಬಾಯಿಗೆ ತಂದುಕೊಂಡು ಕಚ್ಚಲು ಸಿದ್ಧವಾಗುವ ಭಂಗಿ ಅದು. ಮಾರುವವರು ಮೊದಲೇ ಅದರ ಹಲ್ಲು ಕತ್ತರಿಸಿರುತ್ತಾರೆ. ಎಷ್ಟೋ ಮರಿಗಳು ಆ ಗಾಯ ನಂಜಾಗಿ ಸಾಯುತ್ತವೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಬೀದಿಯ ನಾಯಿಮರಿಗೆ ಅನ್ನ ಹಾಕಿ, ಮನೆಗೆ ತಂದು ಸಾಕಿ, ಲಸಿಕೆ ಹಾಕಿಸಿ. ಆದರೆ ಕಾಡುಪ್ರಾಣಿಯನ್ನು ಮುದ್ದಿಸುವ ವಿಡಿಯೊ ಮೊಬೈಲಿಗೆ ಬಂದರೆ ಮೆಚ್ಚಬೇಡಿ, ಮುಂದಕ್ಕೆ ಕಳಿಸಬೇಡಿ. ಕಾಡುಪಾಪವನ್ನು ಯಾರಾದರೂ ಪಂಜರದಲ್ಲಿಟ್ಟಿದ್ದು, ಮಾರಲು ತಂದದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಹುಲಿಯ ಜೊತೆಗೇ ಅದರ ಹೆಸರೂ ಇದೆ.